ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ?

ಅಮೆರಿಕದ ಯಾವುದೋ ಕಾಡಿನ ಹಳ್ಳದ ದಂಡೆಯಲ್ಲಿ ಡೇರೆ ಹೊಡೆದು ಮಲಗುವವರ ವಿಷಯವನ್ನು ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಓದುವ ಈ ಪತ್ರಿಕೆಯಲ್ಲಿ ಏಕೆ ಎತ್ತುತ್ತೀರಿ ಎಂದು ಕೇಳುವವರುಂಟು. ಬೋನಸ್ಸಿನ ಮಾತಾಡಿ, ತುಟ್ಟಿಭತ್ಯೆಯ ಮಾತಾಡಿ, ಸಂತೆ ಸುಂಕದ ಮಾತಾಡಿ. ಕಾಡು ಹಳ್ಳಗಳ ವಿಹಾರ ಉಳ್ಳವರ ಗೊಡವೆ, ನಮಗೇಕೆ ಎಂಬುದು ಅವರ ವಾದ. ಈ ವಾದವನ್ನೇ ನಾವು ಮೊದಲು ಹಿಡಿದು ಕೇಳುತ್ತೇವೆ. ವಿಶ್ರಾಂತಿ ಎಂಬುದು ಉಳ್ಳವರ ಸೊತ್ತು ಎಂದು ದುಡಿಯುವವನ ಬಾಯಿಂದಲೇ ಹೇಳಿಸುವುದು ಬಂಡವಾಳಶಾಹಿಯ ದೊಡ್ಡ ಗೆಲವು. ಕೂಲಿಯನ್ನು ಕಸಿದರೆ ಕಾರ್ಮಿಕ ಮುಷ್ಕರ ಹೂಡುತ್ತಾನೆ. ಬಿಡುವನ್ನು ಕಸಿದರೆ ಅದು ತನ್ನ ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಾನೆ. ನೆಲವನ್ನು ಕಸಿದರೆ, ಅದು ತನ್ನದಾಗಿತ್ತೆಂಬುದೇ ಅವನಿಗೆ ತಿಳಿದಿರುವುದಿಲ್ಲ.

ಇಂದು ನಾವು ಹೇಳಹೊರಟಿರುವುದು ಇಂಥ ಒಂದು ನೆಲದ ಕಥೆ. ಜನರದೆಂದು ಕಾಯಿದೆಯಲ್ಲಿ ಬರೆದ ನೆಲ, ಜನರೇ ಕೈಯಾರೆ ಕಟ್ಟಿದ ನೆಲ, ಕಣ್ಣೆದುರಿಗೇ ಸುಂಕದ ಕಟ್ಟೆಯಾಗುತ್ತಿರುವ ಬಗೆ ಹೇಗೆಂಬುದನ್ನು ತಿಳಿದವರಿಗೆ ನಮ್ಮೂರ ಕೆರೆಯಂಗಳದ ಕಥೆಯೂ ತಾನಾಗಿ ತಿಳಿಯುತ್ತದೆ.

ಹಳ್ಳದ ದಂಡೆಯ ಬಿಡಾರ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಕ್ಕೂಟ ಸರ್ಕಾರದ ಅರಣ್ಯ ಇಲಾಖೆ ನೋಡಿಕೊಳ್ಳುವ ನೆಲ, ಹುಲ್ಲುಗಾವಲುಗಳನ್ನೂ ಸೇರಿಸಿ, ಸುಮಾರು 19 ಕೋಟಿ 30 ಲಕ್ಷ ಎಕರೆ. ನಮ್ಮ ಕರ್ನಾಟಕದಂಥ ನಾಲ್ಕು ರಾಜ್ಯಗಳನ್ನು ಅದರಲ್ಲಿ ಹಾಸಬಹುದು. ಇವುಗಳಿಗೆ ರಾಷ್ಟ್ರೀಯ ಅರಣ್ಯಗಳೆಂದು ಹೆಸರು. ಇವುಗಳ ಒಳಗೆ, ಪೇಟೆಯಿಂದ ಬಹುದೂರ, ಮಣ್ಣುರಸ್ತೆ ಮುಗಿಯುವಲ್ಲಿ, ಹಳ್ಳದ ಪಕ್ಕದಲ್ಲಿ ಬಿಡಾರದ ಬಯಲುಗಳಿವೆ. ಅರಮನೆಯಂಥ ವಿಹಾರಧಾಮಗಳಲ್ಲ, ಐದಾರು ಡೇರೆಗಳಿಗೆ ಸಮಮಾಡಿದ ನೆಲ, ಒಂದೊಂದು ಮರದ ಮೇಜು, ಬೆಂಕಿ ಹರಡದಂತೆ ಒಂದು ಕಬ್ಬಿಣದ ಬಳೆ, ಒಂದು ಗುಂಡಿ ಕಕ್ಕಸು. ಕೆಲವು ಕಡೆ ಇಷ್ಟೂ ಇಲ್ಲ. ನಲ್ಲಿ ಇಲ್ಲ, ದೀಪ ಇಲ್ಲ, ಅಂಗಡಿ ಇಲ್ಲ, ಕಾವಲುಗಾರನಿಲ್ಲ. ಮೊಬೈಲು ದೂರವಾಣಿಯೂ ಎಷ್ಟೋ ಕಡೆ ಮೂಕ.

ಅಲ್ಲಿಗೆ ಹೋಗುವವನು ಹಾಸಿಗೆ, ಹಿಟ್ಟು, ಪಾತ್ರೆ ಎಲ್ಲವನ್ನೂ ತಾನೇ ಹೊತ್ತೊಯ್ಯಬೇಕು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಕರುಳಿನ ರೋಗ ತರುವ ಕ್ರಿಮಿಗಳಿರುವುದರಿಂದ ಕುದಿಸಿಯೋ ಸೋಸಿಯೋ ಕುಡಿಯಬೇಕು. ಗುರುತುಮಾಡಿದ ಬಯಲನ್ನು ಬಿಟ್ಟು ಬೇರೆಡೆ ಇಳಿಯುವವನು ನೀರಿನಿಂದ 200 ಅಡಿ ದೂರದಲ್ಲಿ ಡೇರೆ ಹೊಡೆಯಬೇಕು. ಕಕ್ಕಸಿಲ್ಲದ ಕಡೆ ಆರರಿಂದ ಎಂಟು ಅಂಗುಲ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಕರಡಿಯ ಸೀಮೆಯಲ್ಲಿ ಆಹಾರವನ್ನು ಭದ್ರವಾದ ಪೆಟ್ಟಿಗೆಯಲ್ಲೋ ಮರಕ್ಕೆ ಎತ್ತರದಲ್ಲಿ ತೂಗಹಾಕಿಯೋ ಇಡಬೇಕು. ಬೆಂಕಿಗೆ ಬಿದ್ದ ಒಣಕಟ್ಟಿಗೆಯನ್ನೇ ಆರಿಸಬೇಕು. ಹೊರಡುವಾಗ ನೀರು ಸುರಿದು, ಬೂದಿ ಕಲಕಿ, ಕೈಯಿಟ್ಟು ನೋಡಿ ತಣ್ಣಗಾಗಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ತಂದ ಕಸವನ್ನೆಲ್ಲ ತಿರುಗಿ ಒಯ್ಯಬೇಕು. ಹೆಚ್ಚಿನ ಕಾಡುಗಳಲ್ಲಿ 14 ದಿನ ಮೀರಿ ಒಂದೆಡೆ ನಿಲ್ಲುವಂತಿಲ್ಲ.

ಇಷ್ಟು ನೇಮಗಳನ್ನು ಪಾಲಿಸುವವನ ಮೇಲೆ ಅಲ್ಲಿ ಯಜಮಾನನಿಲ್ಲ. ಕೋಟ್ಯಧೀಶನ ಮಗನಿಗೂ ಗ್ಯಾರೇಜಿನ ಮೇಸ್ತ್ರಿಗೂ ಅದೇ ನೆಲ, ಅದೇ ಹಳ್ಳ. ಬಾಡಿಗೆ ಇಲ್ಲದೆ, ಸಲಾಮು ಇಲ್ಲದೆ ಒಂದು ವಾರ ಕಳೆಯಬಹುದಾದ ಜಾಗ ಬಂಡವಾಳದ ತವರೂರಿನಲ್ಲೇ ಇದೆ ಎಂಬುದು ಸೋಜಿಗದ ಸಂಗತಿ. ಈ ಸೋಜಿಗವನ್ನು ಯಾರು ತಂದರು ಎಂಬುದನ್ನು ನಮ್ಮ ಓದುಗರು ತಿಳಿಯಬೇಕು.

ಕಟ್ಟಿದ ಕೈಗಳು ಯಾರವು?

1891ರ ಒಂದು ಶಾಸನದಿಂದ ಅಮೆರಿಕದ ಅಧ್ಯಕ್ಷರಿಗೆ ಸರ್ಕಾರಿ ಕಾಡುಗಳನ್ನು ಕಾದಿರಿಸುವ ಅಧಿಕಾರ ಬಂತು. ಅದುವರೆಗೆ ಮರದ ಕಂಪನಿಗಳೂ ರೈಲ್ವೆ ಕಂಪನಿಗಳೂ ಕಾಡನ್ನು ಬೋಳಿಸಿ ಮುಂದೆ ಹೋಗುತ್ತಿದ್ದವು. 1905ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ ಗಿಫರ್ಡ್ ಪಿಂಚೋ ಎಂಬವರ ಮುಖಂಡತ್ವದಲ್ಲಿ ಈಗಿನ ಅರಣ್ಯ ಇಲಾಖೆ ಹುಟ್ಟಿತು. ಈ ಪಿಂಚೋಗೆ ಅರಣ್ಯವಿದ್ಯೆಯಲ್ಲಿ ದಾರಿ ತೋರಿದವರು ಯಾರು ಗೊತ್ತೆ? 1864ರಲ್ಲಿ ಬ್ರಿಟಿಷ್ ಇಂಡಿಯಾದ ಅರಣ್ಯಗಳ ಮೊದಲ ಮಹಾನಿರೀಕ್ಷಕರಾದ ಜರ್ಮನ್ ಪಂಡಿತ ಡೀಟ್ರಿಚ್ ಬ್ರಾಂಡಿಸ್! ನಮ್ಮ ದೇಶದ ಕಾಡುಗಳಲ್ಲಿ ಕಲಿತ ಆಡಳಿತದ ಪಾಠ ಕಡಲು ದಾಟಿ ಅಮೆರಿಕಕ್ಕೆ ಹೋಯಿತು. ಅಲ್ಲಿನ ಬಿಳಿಯ ಪ್ರಜೆಗೆ ಅದರಿಂದ ಕಾಡಿನಲ್ಲಿ ತಂಗುವ ಹಕ್ಕು ಸಿಕ್ಕಿತು. ಇಲ್ಲಿನ ಆದಿವಾಸಿಗೆ 1878ರ ಕಾಯಿದೆಯಿಂದ ತನ್ನ ಕಾಡಿನಲ್ಲೇ ಕಳ್ಳನೆಂಬ ಹೆಸರು ಸಿಕ್ಕಿತು. ವಿದ್ಯೆ ಒಂದೇ, ಆಳುವವನಿಗೂ ಆಳಿಸಿಕೊಳ್ಳುವವನಿಗೂ ಅದರ ಫಲ ಬೇರೆ ಬೇರೆ.

ಅಲ್ಲಿಯೂ ಈ ನೆಲ ಖಾಲಿ ಬಿದ್ದಿದ್ದ ನೆಲವಲ್ಲ ಎಂಬುದನ್ನು ಮರೆಯುವಂತಿಲ್ಲ. ಮೂಲನಿವಾಸಿಗಳನ್ನು ಹೊರದಬ್ಬಿದ ಮೇಲೆಯೇ ಅದು ರಾಷ್ಟ್ರದ್ದಾದದ್ದು. ನ್ಯೂ ಮೆಕ್ಸಿಕೋ ಸೀಮೆಯ ಟಾವೋಸ್ ಜನರ ಪವಿತ್ರ ನೀಲಿ ಸರೋವರವನ್ನು 1906ರಲ್ಲಿ ರಾಷ್ಟ್ರೀಯ ಅರಣ್ಯಕ್ಕೆ ಸೇರಿಸಿಕೊಂಡರು. ಆ ಜನ ಹಣದ ಪರಿಹಾರಕ್ಕೆ ಬಾಗಲಿಲ್ಲ. ಅರವತ್ತು ವರ್ಷ ಮೀರಿ ಹೋರಾಡಿ 1970ರಲ್ಲಿ 48,000 ಎಕರೆಯನ್ನು ತಿರುಗಿ ಪಡೆದರು. ಸಾರ್ವಜನಿಕ ಸ್ವತ್ತು ಎಂಬ ಮಾತು ಪೂರ್ತಿ ನಿಜವಾಗಬೇಕಾದರೆ ಮೊದಲು ಯಾರಿಂದ ಕಸಿದುಕೊಂಡೆವು ಎಂಬ ಲೆಕ್ಕ ತೀರಬೇಕು. ಈ ಮಾತನ್ನು ನಾವು ಅಮೆರಿಕಕ್ಕೆ ಮಾತ್ರ ಹೇಳುತ್ತಿಲ್ಲ.

ಇನ್ನು ಬಿಡಾರದ ಬಯಲುಗಳನ್ನು ಕಟ್ಟಿದವರು ಯಾರು? 1929ರ ಕುಸಿತದಲ್ಲಿ ಗಿರಣಿಗಳು ಮುಚ್ಚಿ, ಕೋಟಿಗಟ್ಟಲೆ ಜನ ಬೀದಿಗೆ ಬಿದ್ದರು. 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿ ತರುಣರ ಒಂದು ದಳವನ್ನು ಕಟ್ಟಿತು. 1942ರವರೆಗೆ ಸುಮಾರು 30 ಲಕ್ಷ ತರುಣರು ಅದರಲ್ಲಿ ದುಡಿದರು. ತಿಂಗಳಿಗೆ 30 ಡಾಲರು ಕೂಲಿ. ಅದರಲ್ಲಿ 25 ಡಾಲರು ನೇರವಾಗಿ ಹೆತ್ತವರ ಮನೆಗೆ. ಅವರು ನೆಟ್ಟ ಸಸಿಗಳು ಸುಮಾರು 300 ಕೋಟಿ. ಕಾಡಿನ ದಾರಿಗಳನ್ನು ಕಡಿದವರು, ಒಲೆಯ ಕಲ್ಲುಗಳನ್ನು ಜೋಡಿಸಿದವರು, ಹಳ್ಳಗಳಿಗೆ ಸೇತುವೆ ಹಾಕಿದವರು ಇವರೇ. ಕರಿಯ ತರುಣರನ್ನು ಬೇರೆ ಶಿಬಿರಗಳಲ್ಲಿ ಇಟ್ಟರೆಂಬುದು ಆ ಕೆಲಸಕ್ಕೆ ಅಂಟಿದ ಕಳಂಕ. ಆದರೂ ಆ ಕಲ್ಲಿನ ಒಲೆಗಳು ನಿರುದ್ಯೋಗಿಗಳ ಬೆವರಿನಿಂದ ಎದ್ದವು ಎಂಬುದನ್ನು ಯಾರೂ ಅಳಿಸಲಾರರು.

ಈ ಕಾಡುಗಳು ದುಡಿಯುವ ಜನರ ಬಿಡುವಿಗೆ ಬೇಕೆಂದು ವಾದಿಸಿದವರಲ್ಲಿ ಮುಖ್ಯರು ಬಾಬ್ ಮಾರ್ಷಲ್. ಸಿರಿವಂತ ವಕೀಲರ ಮಗ, ಅರಣ್ಯ ಶಾಸ್ತ್ರಜ್ಞ, ಬಹಿರಂಗವಾಗಿ ಸಮಾಜವಾದಿ. 1933ರಲ್ಲಿ ಬರೆದ ‘ಜನರ ಕಾಡುಗಳು’ ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ಕಾಡುಗಳು ಖಾಸಗಿ ಕೈಯಿಂದ ಸಾರ್ವಜನಿಕ ಒಡೆತನಕ್ಕೆ ಬರಬೇಕೆಂದು ವಾದಿಸಿದರು. 1937ರಲ್ಲಿ ಅರಣ್ಯ ಇಲಾಖೆಯ ವಿಹಾರ ವಿಭಾಗದ ಮುಖ್ಯಸ್ಥರಾಗಿ, ಕಡಿಮೆ ವರಮಾನದ ಕುಟುಂಬಗಳು ಕಾಡಿಗೆ ಬರುವಂತಾಗಬೇಕು, ಜನಾಂಗಭೇದ ತೊಲಗಬೇಕು ಎಂದು ಇಲಾಖೆಯೊಳಗೇ ಹೋರಾಡಿದರು. 1939ರಲ್ಲಿ, 38ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಆಸ್ತಿ ಮೂರು ನಿಧಿಗಳಿಗೆ ಹೋಯಿತು: ಲಾಭಕ್ಕಾಗಿಯಲ್ಲ, ಬಳಕೆಗಾಗಿ ಉತ್ಪಾದನೆ ಎಂಬ ತತ್ವದ ಪ್ರಚಾರಕ್ಕೆ ಒಂದು, ಪೌರಸ್ವಾತಂತ್ರ್ಯಕ್ಕೆ ಒಂದು, ಕಾಡಿನ ರಕ್ಷಣೆಗೆ ಒಂದು. ಕೂಲಿ, ಸ್ವಾತಂತ್ರ್ಯ, ಕಾಡು ಈ ಮೂರೂ ಒಂದೇ ಹೋರಾಟವೆಂದು ಅವರು ತಿಳಿದಿದ್ದರು.

ಸುಂಕದ ಕಟ್ಟೆ

ಇಂಥ ನೆಲಕ್ಕೆ ಸುಂಕ ಬಂದದ್ದು ಹೇಗೆ? ಒಮ್ಮೆಗೇ ಬರಲಿಲ್ಲ. ಮೊದಲು ಇಲಾಖೆಯ ಹೊಟ್ಟೆಗೆ ಹೊಡೆದರು. ಕಾಡ್ಗಿಚ್ಚು ನಂದಿಸುವ ವೆಚ್ಚ 1995ರಲ್ಲಿ ಇಲಾಖೆಯ ಆಯವ್ಯಯದ ನೂರರಲ್ಲಿ 16 ಪಾಲಿದ್ದದ್ದು 2015ರಲ್ಲಿ ಅರ್ಧಕ್ಕೂ ಮೀರಿತು. ಅದಕ್ಕೆ ತಕ್ಕ ಹಣ ಬೇರೆಯಾಗಿ ಕೊಡದೆ, ಬಿಡಾರ, ದಾರಿ, ಕಕ್ಕಸುಗಳ ಪಾಲಿನಿಂದಲೇ ಕಡಿದರು. ಕಕ್ಕಸು ಕೆಟ್ಟಿತು, ಸೇತುವೆ ಕುಸಿಯಿತು. ಆಗ ಬಂದರು ಮಹಾಶಯರು: “ನೋಡಿ, ಸರ್ಕಾರದಿಂದ ಆಗದು, ಬಳಸುವವರೇ ಕೊಡಲಿ!” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

1996ರಲ್ಲಿ ಪ್ರಯೋಗವೆಂಬ ಹೆಸರಿನಲ್ಲಿ ಶುಲ್ಕ ಬಂತು. 2004ರಲ್ಲಿ ಅದೇ ಕಾಯಿದೆಯಾಯಿತು. ಆ ಕಾಯಿದೆಯ ಒಂದು ತಮಾಷೆಯನ್ನು ಓದುಗರು ಕೇಳಬೇಕು. ಬಿಡಾರಕ್ಕೆ ಶುಲ್ಕ ವಿಧಿಸಬೇಕಾದರೆ ಒಂಬತ್ತು ಸೌಕರ್ಯಗಳಲ್ಲಿ ಹೆಚ್ಚಿನವು, ಎಂದರೆ ಐದಾದರೂ, ಅಲ್ಲಿರಬೇಕು. ಆ ಒಂಬತ್ತು ಯಾವುವು? ಡೇರೆಯ ಜಾಗ, ಮೇಜು, ಕುಡಿಯುವ ನೀರು, ರಸ್ತೆ, ರಕ್ಷಣೆ, ಕಸದ ತೊಟ್ಟಿ, ಕಕ್ಕಸು, ಬೆಂಕಿಯ ಬಳೆ. ಇವು ಎಂಟು. ಒಂಬತ್ತನೆಯದು? ಶುಲ್ಕ ವಸೂಲಿಗೆ ಇಲಾಖೆಯ ನೌಕರನೋ ಏಜೆಂಟನೋ ಇರುವುದು! ನಿಮ್ಮ ಕಿಸೆಗೆ ಕೈ ಹಾಕುವವನ ಸಂಬಳವೂ ನಿಮಗೆ ಮಾಡಿದ ಉಪಕಾರವೇ ಎಂದಾಯಿತು. ಸಂತೆಯಲ್ಲಿ ಸುಂಕದವನು ಬಂದು, ‘ನಾನಿರುವುದೇ ನಿನಗೆ ಸೌಕರ್ಯ, ಅದಕ್ಕೂ ಸುಂಕ ಕೊಡು’ ಎಂದರೆ ನಮ್ಮ ಸೊಪ್ಪಿನ ವ್ಯಾಪಾರಿ ಏನೆನ್ನುತ್ತಾನೆ?

ಏನೂ ಸೌಕರ್ಯವಿಲ್ಲದ ಕಾಡಿಗೆ, ಸುಮ್ಮನೆ ನಡೆದುಹೋಗುವವನಿಗೆ ಶುಲ್ಕ ಕೂಡದೆಂದು ಅದೇ ಕಾಯಿದೆಯಲ್ಲಿದೆ. ಜನ ಹೋರಾಡಿ ಸೇರಿಸಿಸಿದ ಮಾತು ಅದು. ಆದರೂ ಅರಿಜೋನಾದ ಲೆಮನ್ ಪರ್ವತದಲ್ಲಿ ಇಲಾಖೆ ಎಲ್ಲರಿಂದಲೂ ವಸೂಲಿ ಮಾಡಿತು. ನಾಲ್ವರು ಸಾಮಾನ್ಯ ಪ್ರಜೆಗಳು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, ಬಂಡಿ ನಿಲ್ಲಿಸಿ ಕಾಡಿನಲ್ಲಿ ನಡೆಯುವವನಿಂದಲೂ, ಕಟ್ಟಿದ ಬಿಡಾರವನ್ನು ಬಿಟ್ಟು ಬೇರೆಡೆ ತಂಗುವವನಿಂದಲೂ ಹಣ ಕೀಳುವುದು ಕಾಯಿದೆಗೆ ವಿರುದ್ಧ ಎಂದಿತು. ಕಾಯಿದೆಯಲ್ಲಿ ಬರೆದ ಹಕ್ಕನ್ನು ಪಡೆಯಲೂ ಮೊಕದ್ದಮೆ ಹೂಡಬೇಕಾಯಿತು ಎಂಬುದು ನೆನಪಿರಲಿ.

ಶುಲ್ಕದ ಬೆನ್ನಿಗೆ ಗುತ್ತಿಗೆ ಬಂತು. ಅನೇಕ ಬಿಡಾರದ ಬಯಲುಗಳನ್ನು ಖಾಸಗಿ ಗುತ್ತಿಗೆದಾರರು ನಡೆಸುತ್ತಾರೆ. ನೆಲ ಜನರದು, ಒಲೆ ನಿರುದ್ಯೋಗಿಗಳು ಕಟ್ಟಿದ್ದು, ಲಾಭ ಗುತ್ತಿಗೆದಾರನದು! ಜಾಗ ಕಾದಿರಿಸುವ ಗಣಕ ವ್ಯವಸ್ಥೆಯನ್ನು ಬೂಜ್ ಅಲೆನ್ ಹ್ಯಾಮಿಲ್ಟನ್ ಎಂಬ ಕಂಪನಿಗೆ ಒಪ್ಪಿಸಿದ್ದಾರೆ. ಯುದ್ಧ ಇಲಾಖೆಗೂ ಗುಪ್ತಚರ ಇಲಾಖೆಗೂ ಗುತ್ತಿಗೆ ಮಾಡುವ ಕಂಪನಿ ಅದು. ತಿಂಗಳುಗಟ್ಟಲೆ ಮೊದಲೇ ಗಣಕದ ಮುಂದೆ ಕೂತು ಜಾಗ ಹಿಡಿಯಬಲ್ಲವನಿಗೆ ಹಳ್ಳದ ದಂಡೆ. ಮುಂದಿನ ವಾರದ ಪಾಳಿ ಯಾವುದೆಂದು ಇಂದೂ ತಿಳಿಯದ ಕೂಲಿಯವನಿಗೆ ‘ಜಾಗ ಭರ್ತಿ’ ಎಂಬ ಹಲಗೆ.

ಒಂದು ಲೆಕ್ಕ ಮಾಡೋಣ. ಪಶ್ಚಿಮ ಸಂಸ್ಥಾನಗಳ ರಾಷ್ಟ್ರೀಯ ಅರಣ್ಯಗಳಲ್ಲಿ ದನ ಮೇಯಿಸುವ ಒಡೆಯನು 2025ರಲ್ಲಿ ಒಂದು ಹಸು ಮತ್ತು ಅದರ ಕರುವಿಗೆ ತಿಂಗಳಿಗೆ ಕೊಟ್ಟದ್ದು 1 ಡಾಲರು 35 ಸೆಂಟು. ರಾತ್ರಿಯೊಂದಕ್ಕೆ ನಾಲ್ಕೂವರೆ ಸೆಂಟು. ಅದೇ ಕಾಡಿನಲ್ಲಿ ಶುಲ್ಕದ ಬಿಡಾರದಲ್ಲಿ ಡೇರೆ ಹೊಡೆಯುವ ಕುಟುಂಬಕ್ಕೆ ರಾತ್ರಿಗೆ 20 ಡಾಲರು ಕೇಳುವ ಕಡೆಗಳು ಹಲವು. ನಾನೂರು ಪಟ್ಟಿಗೂ ಹೆಚ್ಚು! ಹಸು ಹುಲ್ಲು ತಿನ್ನುತ್ತದೆ, ಹಳ್ಳವನ್ನು ತುಳಿಯುತ್ತದೆ. ಡೇರೆಯವನು ತನ್ನ ಕಸವನ್ನೂ ಹೊತ್ತೊಯ್ಯುತ್ತಾನೆ. ಇನ್ನು ಗಣಿ ಕಂಪನಿಗಳ ಮಾತು. 1872ರ ಗಣಿ ಕಾಯಿದೆ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಅದರಡಿ ಸಾರ್ವಜನಿಕ ನೆಲದಿಂದ ತೆಗೆದ ಚಿನ್ನ ತಾಮ್ರಗಳಿಗೆ ಒಕ್ಕೂಟ ಸರ್ಕಾರಕ್ಕೆ ರಾಜಧನ ಕೊಡಬೇಕಾಗಿಯೇ ಇಲ್ಲ. ‘ಬಳಸುವವನೇ ಕೊಡಲಿ’ ಎಂಬ ನೀತಿ ಡೇರೆಯವನ ಎದುರು ಗರ್ಜಿಸುತ್ತದೆ. ಗಣಿಯವನ ಎದುರು ಬಾಲ ಮಡಚುತ್ತದೆ.

ಓಕ್ ಫ್ಲಾಟ್ ಎಂಬ ಬಯಲು

ಇದಕ್ಕೆ ಒಂದು ಜೀವಂತ ಸಾಕ್ಷಿಯಿದೆ. ಅರಿಜೋನಾದ ಟಾಂಟೋ ರಾಷ್ಟ್ರೀಯ ಅರಣ್ಯದಲ್ಲಿ ಓಕ್ ಫ್ಲಾಟ್ ಎಂಬ ಬಯಲು. ಓಕ್ ಮರಗಳ ನೆರಳು, ಕೆಲವೇ ಡೇರೆಗಳ ಜಾಗ, ಹಣ ಕೇಳದ ಬಿಡಾರ. 1955ರಲ್ಲಿ ಐಸೆನ್‌ಹೋವರ್ ಸರ್ಕಾರ ಇಲ್ಲಿನ 760 ಎಕರೆಯಲ್ಲಿ ಗಣಿ ಕೂಡದೆಂದು ಕಟ್ಟು ಮಾಡಿತು. ಅಪಾಚೆ ಜನರಿಗೆ ಇದು ಬಿಡಾರಕ್ಕಿಂತ ಹೆಚ್ಚಿನದು. ಅವರ ಹೆಣ್ಣುಮಕ್ಕಳು ಮೈನೆರೆದಾಗ ಶಾಸ್ತ್ರಗಳು ನಡೆಯುವ ಪುಣ್ಯಭೂಮಿ.

ಈ ನೆಲದ ಅಡಿಯಲ್ಲಿ, ಮೈಲಿಗೂ ಹೆಚ್ಚಿನ ಆಳದಲ್ಲಿ, ತಾಮ್ರವಿದೆ. ರಿಯೋ ಟಿಂಟೋ ಮತ್ತು ಬಿಎಚ್‌ಪಿ ಎಂಬ ಎರಡು ಜಾಗತಿಕ ಗಣಿ ದೈತ್ಯರು ಕೂಡಿ ಕಟ್ಟಿದ ಕಂಪನಿಯ ಕಣ್ಣು ಇದರ ಮೇಲೆ ಬಿತ್ತು. ಪ್ರತ್ಯೇಕ ಮಸೂದೆಯಾಗಿ ವರ್ಷಗಟ್ಟಲೆ ಗೆಲ್ಲಲಾಗದ ಈ ವಿನಿಮಯವನ್ನು 2014ರ ಡಿಸೆಂಬರಿನಲ್ಲಿ ಸೇನಾ ವೆಚ್ಚದ ಮಸೂದೆಯ ಬಾಲಕ್ಕೆ ಕಟ್ಟಿ ದಾಟಿಸಿದರು. ಸುಮಾರು 2,400 ಎಕರೆ ಕಂಪನಿಗೆ. ಬದಲಿಗೆ ಬೇರೆಡೆಯ ಜಮೀನು ಸರ್ಕಾರಕ್ಕೆ. ಅದಿರನ್ನು ಕೆಳಗಿನಿಂದ ಕುಸಿಸಿ ತೆಗೆಯುವ ವಿಧಾನದಿಂದ ಕೊನೆಗೆ ಮೇಲಿನ ನೆಲವೇ ಕುಸಿದು, ಸುಮಾರು ಎರಡು ಮೈಲಿ ಅಗಲದ, ಸಾವಿರ ಅಡಿಯಷ್ಟು ಆಳದ ಹೊಂಡವಾಗುತ್ತದೆ. ಬಿಡಾರವೂ ಇಲ್ಲ, ದೇವರೂ ಇಲ್ಲ. ಅಪಾಚೆ ಜನರ ಮೊರೆಯನ್ನು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಹಸ್ತಾಂತರದ ಮುನ್ನಾದಿನ ತಾತ್ಕಾಲಿಕ ತಡೆ ಕೊಟ್ಟಾಗ ಆ ಜನ ಒಂದು ಉಸಿರು ಬಿಟ್ಟರು.

ತಾಮ್ರ ಬೇಡವೆ, ಕೆಲಸ ಬೇಡವೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದು: ತಾಮ್ರವೂ ಬೇಕು, ಗಣಿ ಕಾರ್ಮಿಕನಿಗೆ ಕೆಲಸವೂ ಬೇಕು. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ಕೂಡದು, ಲಾಭ ಯಾರಿಗೆ ಎಂಬುದನ್ನು ಜನ ಹಗಲಿನಲ್ಲಿ ಕೂತು ನಿರ್ಧರಿಸಬೇಕು. ಸೇನೆಯ ಮಸೂದೆಯ ಮರೆಯಲ್ಲಿ ಕಂಪನಿ ನಿರ್ಧರಿಸಕೂಡದು.

2025ರ ಫೆಬ್ರವರಿಯಲ್ಲಿ ಅರಣ್ಯ ಇಲಾಖೆಯ ಸುಮಾರು 3,400 ನೌಕರರಿಗೆ ವಜಾದ ಓಲೆ ಹೋಯಿತು; ಮುಂದೆ ಕೆಲಸಕ್ಕೆ ಮರಳಿಸಲು ಆಜ್ಞೆಯಾದರೂ ಭಯ ಮರಳಲಿಲ್ಲ, ಉಳಿಯಿತು. ಅದೇ ವರ್ಷ ಜೂನಿನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಹನ್ನೊಂದು ಪಶ್ಚಿಮ ಸಂಸ್ಥಾನಗಳ ಸಾರ್ವಜನಿಕ ನೆಲದಲ್ಲಿ ಲಕ್ಷಾಂತರ ಎಕರೆಯನ್ನು ಮಾರುವ ಸೂಚನೆ ತಂದರು. ಆಗ ಎದ್ದವರು ಯಾರು? ಬೇಟೆಗಾರರು, ಮೀನು ಹಿಡಿಯುವವರು, ಡೇರೆ ಹೊಡೆಯುವವರು, ಅವರದೇ ಪಕ್ಷಕ್ಕೆ ಮತ ಕೊಟ್ಟ ಹಳ್ಳಿಗರು. ತಿಂಗಳು ಮುಗಿಯುವ ಮೊದಲೇ ಸೂಚನೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ತನ್ನದೆಂದು ತಿಳಿದ ನೆಲವನ್ನು ಜನ ಬಿಟ್ಟುಕೊಡುವುದಿಲ್ಲ. ಅದಕ್ಕಾಗಿಯೇ ಆಳುವವರು, ಅದು ತಮ್ಮದೆಂಬ ಅರಿವೇ ಜನರಿಗೆ ಬಾರದಂತೆ ನೋಡಿಕೊಳ್ಳುತ್ತಾರೆ.

ಒಂದೇ ಡೇರೆ, ಎರಡು ನ್ಯಾಯ

ಈ ಕಥೆಯ ಅತಿ ಕಹಿಯಾದ ತುತ್ತು ಇನ್ನೂ ಬಾಕಿಯಿದೆ. ಮನೆಯಿದ್ದು ಡೇರೆಯಲ್ಲಿ ಮಲಗಿದರೆ ಅದು ವಿಹಾರ. ಮನೆಯಿಲ್ಲದೆ ಡೇರೆಯಲ್ಲಿ ಮಲಗಿದರೆ? ಆರೆಗಾನ್ ಸಂಸ್ಥಾನದ ಗ್ರಾಂಟ್ಸ್ ಪಾಸ್ ಎಂಬ ಊರು, ಸಾರ್ವಜನಿಕ ಜಾಗದಲ್ಲಿ ಹೊದ್ದು ಮಲಗುವ ನಿರ್ವಸತಿಗರಿಗೆ ದಂಡ ಹಾಕುತ್ತಿತ್ತು. 2024ರ ಜೂನ್ 28ರಂದು ಸರ್ವೋಚ್ಚ ನ್ಯಾಯಾಲಯ, ಆರು ಮಂದಿ ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತು, ಆ ದಂಡ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಊರಿನಿಂದ ಅಟ್ಟಿದ ಜನ ಎಲ್ಲಿಗೆ ಹೋಗಬೇಕು? ಕಾಡಿಗೆ. ಅದೇ ಆರೆಗಾನಿನ ಬೆಂಡ್ ಪಟ್ಟಣದ ಪಕ್ಕದ ಡೆಶೂಟ್ಸ್ ರಾಷ್ಟ್ರೀಯ ಅರಣ್ಯದಲ್ಲಿ ಹಳೆಯ ಬಂಡಿಗಳಲ್ಲೂ ಡೇರೆಗಳಲ್ಲೂ ವರ್ಷಗಳಿಂದ ಬದುಕುತ್ತಿದ್ದವರನ್ನು, ಕಾಡ್ಗಿಚ್ಚು ತಡೆಯುವ ಕೆಲಸವಿದೆಯೆಂದು 2025ರ ಮೇ 1ರಂದು ಹೊರಗಟ್ಟಿದರು. ಮೇ 1! ದುಡಿಯುವವರ ದಿನ! ಕಿಚ್ಚು ತಡೆಯುವ ಕೆಲಸ ಬೇಕಾದ್ದೇ. ಆದರೆ ಹೊರಗಟ್ಟಿದವರಿಗೆ ಬೇರೊಂದು ಸೂರು ತೋರಿಸುವುದು ಅದಕ್ಕಿಂತ ಬೇಕಾದ್ದು.

ಅದೇ ಬಟ್ಟೆಯ ಡೇರೆ, ಅದೇ ಪೈನ್ ಮರ. ಒಬ್ಬನಿಗೆ ಹದಿನಾಲ್ಕು ದಿನದ ಆನಂದ, ಇನ್ನೊಬ್ಬನಿಗೆ ಹದಿನೈದನೆಯ ದಿನದ ಅಪರಾಧ. ಜಗತ್ತಿನ ಅತಿ ಶ್ರೀಮಂತ ರಾಷ್ಟ್ರ ಮನೆಗಳನ್ನು ಕಟ್ಟಿಕೊಡಲಾರದೆ ಕಾಡನ್ನೇ ಬಡವನ ಕೊನೆಯ ಮನೆಯಾಗಿ ಮಾಡಿ, ಅಲ್ಲಿಂದಲೂ ಅಟ್ಟುತ್ತದೆ. ಇದು ಬಿಡಾರದ ತಪ್ಪಲ್ಲ, ಬಾಡಿಗೆಯ ತಪ್ಪು.

ನಾಲ್ಕು ಆಕ್ಷೇಪಣೆಗಳು

ಬಿಟ್ಟಿ ಕೊಟ್ಟರೆ ಜನ ಹೊಲಸು ಮಾಡುತ್ತಾರೆ ಎನ್ನುತ್ತಾರೆ. ಮಾಡುವವರಿದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಗುಂಡಿ ತೋಡಿ ಮುಚ್ಚುವುದನ್ನೂ ಬೂದಿಗೆ ಕೈಯಿಟ್ಟು ನೋಡುವುದನ್ನೂ ಕಲಿಸುವುದು ಬೋಧನೆಯೇ ಹೊರತು ಚೀಟಿಯಲ್ಲ. ಹಣ ಕೊಟ್ಟವನು ಶುಚಿಯಾಗಿರುತ್ತಾನೆ ಎಂಬುದು ನಿಜವಾದರೆ ಸಿನಿಮಾ ಮಂದಿರಗಳೆಲ್ಲ ಗುಡಿಗಳಂತೆ ಇರಬೇಕಾಗಿತ್ತು! ಮರದ ಕಂಪನಿಗಳ ಸಾಗಾಟಕ್ಕೆಂದೇ ಹೆಚ್ಚಾಗಿ ಕಡಿದ ಮೂರೂವರೆ ಲಕ್ಷ ಮೈಲಿಗೂ ಮೀರಿದ ರಸ್ತೆಗಳು ಆ ಕಾಡುಗಳಲ್ಲಿವೆ. ಹಳ್ಳಕ್ಕೆ ಹೂಳು ತುಂಬುವುದು ಅವುಗಳಿಂದಲೋ, ಒಂದು ಗುಡಾರದಿಂದಲೋ?

ಕಾಡಿಗೆ ಹೋಗದ ಬಡವ ತೆರಿಗೆಯ ಮೂಲಕ ಏಕೆ ಕೊಡಬೇಕು ಎನ್ನುತ್ತಾರೆ. ಬಡವನ ಮೇಲೆ ಈ ಮರುಕ ಹೊಸದು. ಹಾಗಾದರೆ ವಾಚನಾಲಯಕ್ಕೆ ಹೋಗದವನ ತೆರಿಗೆಯಿಂದ ವಾಚನಾಲಯವೇಕೆ, ಶಾಲೆಗೆ ಮಕ್ಕಳನ್ನು ಕಳಿಸದವನ ತೆರಿಗೆಯಿಂದ ಶಾಲೆಯೇಕೆ? ಬಡವ ಏಕೆ ಹೋಗುತ್ತಿಲ್ಲ ಎಂದು ಕೇಳದೆ, ಹೋಗುತ್ತಿಲ್ಲವಾದ್ದರಿಂದ ಬಾಗಿಲು ಹಾಕು ಎನ್ನುವುದು ಯಾವ ನ್ಯಾಯ?

ಖಾಸಗಿಯವರು ಚೆನ್ನಾಗಿ ನಡೆಸುತ್ತಾರೆ ಎನ್ನುತ್ತಾರೆ. ಹಣ ಹುಟ್ಟುವ ಬಯಲನ್ನು ನಡೆಸುತ್ತಾರೆ. ಮಣ್ಣುರಸ್ತೆಯ ತುದಿಯ, ಐದೇ ಡೇರೆಗಳ, ಲಾಭವಿಲ್ಲದ ಬಯಲನ್ನು ಯಾವ ಗುತ್ತಿಗೆದಾರ ಕೇಳುತ್ತಾನೆ? ಲಾಭವಿದ್ದದ್ದು ಅವನಿಗೆ, ಇಲ್ಲದ್ದು ಬೀಗಕ್ಕೆ.

ನಾಲ್ಕನೆಯದು, ಕಾರ್ಮಿಕನಿಗೆ ಕಾಡಿನ ಹಂಬಲವೇ ಇಲ್ಲ ಎಂಬ ಮಾತು. ಇದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಹತ್ತಿಯ ಗಿರಣಿಗಳ ಮ್ಯಾಂಚೆಸ್ಟರಿನ ಸುತ್ತಣ ಬೆಟ್ಟಗಳನ್ನು ಜಮೀನುದಾರರು ತಮ್ಮ ಹಕ್ಕಿಬೇಟೆಗೆಂದು ಮುಚ್ಚಿದ್ದರು. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕ ತರುಣರು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬೇಕೆಂದೇ ಅತಿಕ್ರಮವಾಗಿ ಏರಿದರು. ಐವರು ಸೆರೆಮನೆಗೆ ಹೋದರು. 1949ರಲ್ಲಿ ಲೇಬರ್ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಶಾಸನ ಮಾಡಿತು; ಆ ಬೆಟ್ಟದ ಸೀಮೆಯೇ 1951ರಲ್ಲಿ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಫ್ರಾನ್ಸಿನಲ್ಲಿ 1936ರಲ್ಲಿ ಕಾರ್ಖಾನೆಗಳನ್ನು ಆಕ್ರಮಿಸಿ ಕೂತ ಮುಷ್ಕರದ ಬಲದಿಂದ ಜನರಂಗ ಸರ್ಕಾರ ಎರಡು ವಾರದ ಸಂಬಳದ ರಜೆಯನ್ನು ಶಾಸನ ಮಾಡಿತು. ರೈಲಿನ ದರದಲ್ಲಿ ನೂರಕ್ಕೆ 40 ಇಳಿಸಿತು. ಹುಟ್ಟಿದಂದಿನಿಂದ ಕಡಲು ಕಾಣದ ಕಾರ್ಮಿಕರು ಸೈಕಲ್ಲಿಗೆ ಡೇರೆ ಕಟ್ಟಿಕೊಂಡು ಹೊರಟರು. ಹಂಬಲವಿರಲಿಲ್ಲವೆ? ರಜೆ ಇರಲಿಲ್ಲ!

ಅಮೆರಿಕದಲ್ಲಿ ಆ ರಜೆ ಇಂದಿಗೂ ಇಲ್ಲ. ಅಲ್ಲಿನ 1938ರ ಕಾರ್ಮಿಕ ಶಾಸನ ಒಂದು ದಿನದ ಸಂಬಳದ ರಜೆಯನ್ನೂ ಮಾಲೀಕನ ಮೇಲೆ ಕಡ್ಡಾಯ ಮಾಡುವುದಿಲ್ಲ. ಕಾಡು ಇದೆ, ಬಿಡುವಿಲ್ಲ. ಬಿಡುವಿಲ್ಲದವನಿಗೆ 19 ಕೋಟಿ ಎಕರೆ ಕಾಡೂ ಗೋಡೆಗೆ ತೂಗುಹಾಕಿದ ಚಿತ್ರವೇ.

ನಮ್ಮ ಕಡೆಯ ಮಾತು

ನಮ್ಮಲ್ಲೇನು? 1948ರ ಕಾರ್ಖಾನೆ ಕಾಯಿದೆ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಬರೆಯಿತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆ ಆ 240ನ್ನು 180ಕ್ಕೆ ಇಳಿಸಿದೆ. ಕಾಗದದ ಮೇಲೆ ಒಳ್ಳೆಯದೇ. ಆದರೆ ಗುತ್ತಿಗೆಯ ಹೆಸರಿನಲ್ಲಿ ತಿಂಗಳು ತಿಂಗಳಿಗೂ ಹೊಸಬನೆಂದು ಹಾಜರಿ ಹಾಕಿಸಿಕೊಳ್ಳುವ ಕೂಲಿಗೆ 180 ದಿನ ಎಂದು ತುಂಬುತ್ತದೆ? ಅಂಗಡಿಯ ಬಾಗಿಲು ಒಂದು ದಿನ ಹಾಕಿದರೆ ಗಿರಾಕಿ ತಪ್ಪಿಹೋದಾನೆಂದು ಹಬ್ಬಕ್ಕೂ ಬಾಗಿಲು ತೆರೆಯುವ ಸಣ್ಣ ವ್ಯಾಪಾರಿಗೆ ಯಾವ ಸಂಹಿತೆಯಿದೆ?

ಕಾಡಿನ ಮಾತು ಬಂದರೆ ನಮ್ಮ ನಾಡೂ ಅದೇ ಎರಡು ನ್ಯಾಯವನ್ನು ಕಂಡಿದೆ. ನಾಗರಹೊಳೆಯಿಂದ ಆದಿವಾಸಿಗಳನ್ನು ಕಾಡಿನ ರಕ್ಷಣೆಗೆಂದು ಹೊರಗೆ ಕಳಿಸಿದರು. ಅದೇ ಕಾಡಿನೊಳಗೆ ತಾಜ್ ಹೋಟೆಲು ಬಳಗಕ್ಕೆ ವಿಹಾರಧಾಮ ನಡೆಸಲು ಕೊಟ್ಟರು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ನಮ್ಮ ಹೈಕೋರ್ಟು ಅದನ್ನು ತಡೆಯಿತು. 2006ರಲ್ಲಿ ಅರಣ್ಯ ಹಕ್ಕಿನ ಕಾಯಿದೆ ಬಂತು. ಕಾಯಿದೆ ಬಂದ ಮೇಲೂ ಹಕ್ಕುಪತ್ರಕ್ಕೆ ಅಲೆಯುವ ಕಾಲು ನಿಂತಿಲ್ಲ. ಕಾಡಿನಲ್ಲಿ ಬದುಕುವವನು ಹೊರಗೆ, ಹಣ ತೆತ್ತು ಒಂದು ರಾತ್ರಿ ಕಳೆಯುವವನು ಒಳಗೆ ಎಂಬ ನೀತಿ ಅರಿಜೋನಾದಲ್ಲಿ ಎಷ್ಟು ಅನ್ಯಾಯವೋ ಇಲ್ಲಿಯೂ ಅಷ್ಟೇ ಅನ್ಯಾಯ.

ಆದ್ದರಿಂದ ನಮ್ಮ ಬೇಡಿಕೆಗಳು ನೇರವಾಗಿವೆ. ರಜೆ ಹಕ್ಕೆಂದು ಬರೆದ ಮೇಲೆ ಅದು ಗುತ್ತಿಗೆ ಕೂಲಿಗೂ ಸಿಗಬೇಕು. ಪ್ರತಿ ಸಂಘವೂ ಈ ವರ್ಷ ತನ್ನ ಬೇಡಿಕೆಯ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲೇ ರಜೆಯನ್ನೂ ಬರೆಯಬೇಕು. ಕೆರೆಯ ಏರಿ, ನದಿಯ ದಂಡೆ, ಊರ ಉದ್ಯಾನಗಳಿಗೆ ಶುಲ್ಕದ ಬಾಗಿಲು ಕೂಡದು. ಅವುಗಳ ದುರಸ್ತಿ ಪುರಸಭೆಯ ತೆರಿಗೆಯಿಂದ ನಡೆಯಬೇಕು, ಗುತ್ತಿಗೆಯಿಂದಲ್ಲ. ಕಾಡಿನಲ್ಲಿ ಮೊದಲ ಹಕ್ಕು ಅಲ್ಲಿ ಬಾಳುವವರದು, ಎರಡನೆಯದು ವಿಶ್ರಾಂತಿ ಬೇಡಿ ಬರುವ ದುಡಿಯುವ ಜನರದು. ಲಾಭಕ್ಕೆ ಅಲ್ಲಿ ಹಕ್ಕಿಲ್ಲ. ಮನೆಯಿಲ್ಲದವನಿಗೆ ಮನೆ ಕೊಡದ ಸರ್ಕಾರಕ್ಕೆ ಅವನ ಗುಡಿಸಲನ್ನು ಕೀಳುವ ಅಧಿಕಾರವಿಲ್ಲ.

ಇದನ್ನೆಲ್ಲ ಯಾರೂ ದಯಪಾಲಿಸುವುದಿಲ್ಲ. ಮ್ಯಾಂಚೆಸ್ಟರಿನ ತರುಣರಿಗೆ ಬೆಟ್ಟವನ್ನು ಯಾರೂ ದಾನ ಕೊಡಲಿಲ್ಲ, ಟಾವೋಸ್ ಜನರಿಗೆ ಸರೋವರವನ್ನು ಯಾರೂ ಕರುಣೆಯಿಂದ ಮರಳಿಸಲಿಲ್ಲ. ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂದು ನಮ್ಮ ಹಿರಿಯರು ಕೇಳಿದ್ದರು. ದೊಣ್ಣೆ ಇಂದು ಚೀಟಿಯ ಪುಸ್ತಕವಾಗಿದೆ, ಗುತ್ತಿಗೆಯ ಕರಾರಾಗಿದೆ, ಗಣಕದ ಪರದೆಯಾಗಿದೆ. ಪ್ರಶ್ನೆ ಮಾತ್ರ ಅದೇ. ಅದನ್ನು ಗಿರಣಿಯ ಬಾಗಿಲಿನಲ್ಲೂ ಸಂತೆಯ ಕಟ್ಟೆಯಲ್ಲೂ ಪುರಸಭೆಯ ಸಭಾಂಗಣದಲ್ಲೂ ಗಟ್ಟಿಯಾಗಿ ಕೇಳೋಣ.